ಹಣ ಕಟ್ಟಿ ಸೇವೆಗೆ ಹೋಗಬೇಡಿ, ಕೆಲಸ ಕಲಿತು ಹೋಗಿ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಕುಮಟಾ ತಾಲೂಕಿನವಳು, ವಯಸ್ಸು 22. ಈ ವರ್ಷ ಕಾರವಾರದಲ್ಲಿ ಸಿವಿಲ್ ಇಂಜಿನಿಯರಿಂಗ್ ಮುಗಿಸಿದ್ದೇನೆ. ಗಾಜಾ, ಸುಡಾನ್ ಸುದ್ದಿ ನೋಡಿದಾಗಲೆಲ್ಲ ಇಲ್ಲಿ ಸುಮ್ಮನೆ ಕೂತಿದ್ದೇನಲ್ಲ ಅನಿಸುತ್ತದೆ. ಶಿರಸಿಯ ನನ್ನ ಗೆಳತಿಗೂ ಹಾಗೇ. ಅವಳು ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಒಂದು ಏಜೆನ್ಸಿಯವರು ಕಾಂಬೋಡಿಯಾದ ಅನಾಥಾಲಯದಲ್ಲಿ ನಾಲ್ಕು ವಾರ ಮಕ್ಕಳ ಸೇವೆಗೆ ಕರೆದೊಯ್ಯುತ್ತೇವೆ ಎಂದಿದ್ದಾರೆ. ಒಬ್ಬರಿಗೆ 1.6 ಲಕ್ಷ ರೂಪಾಯಿ. ಇಬ್ಬರೂ 20 ಸಾವಿರ ಮುಂಗಡ ಕಟ್ಟಿದ್ದೇವೆ. ಪ್ರವಾಸಿ ವೀಸಾ ಸಾಕಂತೆ. ಅಪ್ಪ, "ಊರಲ್ಲೇ ಮಾಡುವಷ್ಟು ಕೆಲಸ ಇದೆ, ಅಲ್ಲಿಗೆ ಯಾಕೆ?" ಎನ್ನುತ್ತಾರೆ. ಆಯಿಗೆ ಭಯ. ಹೋಗುವುದು ಸರಿಯೇ? ಇದನ್ನೇ ವೃತ್ತಿ ಮಾಡಿಕೊಳ್ಳಬಹುದೇ? ಇನ್ನೊಂದು, ಗಾಜಾದ ಮಕ್ಕಳಿಗೆಂದು ಕಾಲೇಜಿನಲ್ಲಿ ಸ್ವಲ್ಪ ಹಣ ಒಟ್ಟುಮಾಡಿದ್ದೇವೆ, ಅದು ನನ್ನ ಖಾತೆಯಲ್ಲಿದೆ. ಹೇಗೆ ಕಳಿಸುವುದು?

ಉತ್ತರ: ಮೊದಲು ತುರ್ತಿನ ಮಾತು. ಉಳಿದ ಹಣ ಕಟ್ಟಬೇಡಿ. ಕಾರ್ಯಕ್ರಮದಿಂದ ಹಿಂದೆ ಸರಿಯುತ್ತಿದ್ದೇವೆ, ಮುಂಗಡ ಹಿಂದಿರುಗಿಸಿ ಎಂದು ಇಬ್ಬರೂ ಇಮೇಲ್‌ನಲ್ಲಿ ಬರೆಯಿರಿ. ಫೋನಿನಲ್ಲಿ ಮಾತಾಡಿ ಬಿಡಬೇಡಿ. ರಸೀದಿ, ಜಾಹೀರಾತು, ವಾಟ್ಸಾಪ್ ಸಂದೇಶ ಎಲ್ಲ ಉಳಿಸಿಕೊಳ್ಳಿ. ಕೊಡದೆ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಇಷ್ಟು ಖಡಾಖಂಡಿತವಾಗಿ ಏಕೆ ಹೇಳುತ್ತಿದ್ದೇನೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು. ನಿಮ್ಮಂಥ ಒಳ್ಳೆಯ ಮನಸ್ಸಿನ ಹುಡುಗ ಹುಡುಗಿಯರ ದುಡ್ಡೇ ಈ ವ್ಯವಹಾರಕ್ಕೆ ಬಂಡವಾಳ.

ಕಾಂಬೋಡಿಯಾದ ಅನಾಥಾಲಯಗಳ ಬಗ್ಗೆ ಯುನಿಸೆಫ್ ಮತ್ತು ಅಲ್ಲಿನ ಸರಕಾರ ಹದಿನೈದು ವರ್ಷಗಳ ಹಿಂದೆಯೇ ಅಧ್ಯಯನ ಮಾಡಿದ್ದವು. ಅಲ್ಲಿರುವ ಮಕ್ಕಳಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದರು. ದೇಶದಲ್ಲಿ ಯುದ್ಧದ ಕಾಲ ಮುಗಿದು ಬಹಳ ವರ್ಷಗಳಾಗಿದ್ದರೂ 2005ರಿಂದ 2010ರ ನಡುವೆ ಅನಾಥಾಲಯಗಳ ಸಂಖ್ಯೆ ಮಾತ್ರ ಬಹಳ ಏರಿತು. ಅಂಕೋರ್ ದೇವಾಲಯ ನೋಡಲು ಬರುವ ವಿದೇಶಿಯರ ಸಂಖ್ಯೆ ಏರಿದ ಕಾಲವೂ ಅದೇ. ನೋಡಲು ಬಂದವರು ಮಕ್ಕಳ ಜೊತೆ ನಾಲ್ಕು ದಿನ ಕಳೆದು ಹಣ ಕೊಟ್ಟು ಹೋಗುತ್ತಾರೆ. ಹಣ ಬರಬೇಕಾದರೆ ಮಕ್ಕಳು ಇರಬೇಕು. ಹೀಗಾಗಿ, ಶಾಲೆಗೆ ಹಾಕುತ್ತೇವೆ, ಊಟ ಕೊಡುತ್ತೇವೆ ಎಂದು ಹಳ್ಳಿಯ ಬಡ ಕುಟುಂಬಗಳಿಂದ ಮಕ್ಕಳನ್ನು ತಂದು ಕೂಡಿಸುವುದು ಶುರುವಾಯಿತು. ನೇಪಾಳದಲ್ಲಿಯೂ ಇದೇ ಕತೆ. 2015ರ ಏಪ್ರಿಲ್ ಭೂಕಂಪದ ನಂತರ ಮಕ್ಕಳನ್ನು ಹೀಗೆ ಸಾಗಿಸುವ ಭಯದಿಂದ ಅಲ್ಲಿನ ಸರಕಾರ, ಪೋಷಕರಿಲ್ಲದ ಮಕ್ಕಳು ಜಿಲ್ಲೆ ದಾಟದಂತೆ ತಡೆ ಹಾಕಬೇಕಾಯಿತು. 2010ರಲ್ಲಿ ಹೈಟಿಯ ಭೂಕಂಪವಾಗಿ ಎರಡೂವರೆ ವಾರಕ್ಕೆ, ಸೇವೆಗೆಂದು ಬಂದ ಹತ್ತು ಮಂದಿ ಅಮೆರಿಕನ್ನರು 33 ಮಕ್ಕಳನ್ನು ಗಡಿ ದಾಟಿಸಲು ಹೋಗಿ ಸಿಕ್ಕಿಬಿದ್ದರು. ಆ ಮಕ್ಕಳಲ್ಲಿ ಹೆಚ್ಚಿನವರಿಗೆ ಅಪ್ಪ ಅಮ್ಮ ಇದ್ದರು. ಕರೆದೊಯ್ದವರು ತಾವು ಪುಣ್ಯದ ಕೆಲಸ ಮಾಡುತ್ತಿದ್ದೇವೆಂದೇ ನಂಬಿದ್ದರು.

ಒಂದು ಪರೀಕ್ಷೆ ಮಾಡಿ ನೋಡಿ. ಕನ್ನಡ, ಕೊಂಕಣಿ ಒಂದಕ್ಷರ ಬಾರದ, ಮಕ್ಕಳ ಪಾಲನೆಯ ತರಬೇತಿ ಇಲ್ಲದ, ಪೊಲೀಸ್ ಪರಿಶೀಲನೆ ಆಗದ 22 ವರ್ಷದ ಇಬ್ಬರು ವಿದೇಶಿಯರು ಪ್ರವಾಸಿ ವೀಸಾದಲ್ಲಿ ಬಂದು ಶಿರಸಿಯ ಬಾಲಮಂದಿರವೊಂದರಲ್ಲಿ ಒಂದು ತಿಂಗಳು ಮಕ್ಕಳನ್ನು ಮಲಗಿಸುತ್ತೇವೆ, ಸ್ನಾನ ಮಾಡಿಸುತ್ತೇವೆ, ಫೋಟೋ ತೆಗೆದು ಹಾಕುತ್ತೇವೆ ಎಂದರೆ ನಾವು ಒಪ್ಪುತ್ತೇವೆಯೇ? ನಮ್ಮಲ್ಲಿ 2015ರ ಬಾಲ ನ್ಯಾಯ ಕಾಯ್ದೆ ಇದೆ, ಮಕ್ಕಳ ಕಲ್ಯಾಣ ಸಮಿತಿ ಇದೆ, ಯಾರೂ ಒಳಗೆ ಬಿಡುವುದಿಲ್ಲ. ಬಿಡಲೂಬಾರದು. ಕಾಂಬೋಡಿಯಾದ ಮಗುವೂ ಅಷ್ಟೇ ಮಗು. ನಾಲ್ಕು ವಾರ ಅಕ್ಕರೆ ತೋರಿಸಿ ಹೊರಟುಹೋಗುವ ಅಕ್ಕಂದಿರು, ಮತ್ತೆ ಹೊಸಬರು, ಮತ್ತೆ ಹೋಗುವುದು. ಇದು ಮಕ್ಕಳ ಮನಸ್ಸಿಗೆ ಪೆಟ್ಟು ಕೊಡುತ್ತದೆ ಎಂದು ಮಕ್ಕಳ ವೈದ್ಯರು, ಮನೋತಜ್ಞರು ಹೇಳುತ್ತಲೇ ಬಂದಿದ್ದಾರೆ.

ಪ್ರವಾಸಿ ವೀಸಾದ ಮಾತೂ ಸರಿಯಲ್ಲ. ಸಂಬಳವಿಲ್ಲದ ಸೇವೆಯನ್ನೂ ಅನೇಕ ದೇಶಗಳ ಕಾನೂನು ಕೆಲಸವೆಂದೇ ನೋಡುತ್ತದೆ. ಸಿಕ್ಕಿಬಿದ್ದಾಗ ಏಜೆನ್ಸಿಯವರು ಜೊತೆಗಿರುವುದಿಲ್ಲ. ಇನ್ನು ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್ ಎಂದ ಕೂಡಲೇ ನನಗೆ ಬೇರೆಯೇ ಭಯ. ಒಳ್ಳೆಯ ಉದ್ಯೋಗ ಎಂದು ನಂಬಿಸಿ ಕರೆಸಿಕೊಂಡು, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡು, ಆನ್‌ಲೈನ್ ವಂಚನೆಯ ಕೆಲಸಕ್ಕೆ ಕೂರಿಸುವ ಜಾಲದ ಬಗ್ಗೆ ನಮ್ಮ ವಿದೇಶಾಂಗ ಸಚಿವಾಲಯ 2022ರಿಂದ ಮತ್ತೆ ಮತ್ತೆ ಎಚ್ಚರಿಸುತ್ತಿದೆ. ನಿಮ್ಮ ಏಜೆನ್ಸಿ ಅಂಥದ್ದು ಎಂದು ನಾನು ಹೇಳುತ್ತಿಲ್ಲ. ಆದರೆ ನೋಂದಣಿ ಸಂಖ್ಯೆ, ಅಲ್ಲಿನ ವಿಳಾಸ, ಹೊಣೆ ಹೊರುವ ವ್ಯಕ್ತಿ, ವಿಮೆ ಈ ನಾಲ್ಕನ್ನು ಬರಹದಲ್ಲಿ ಕೊಡದ ಯಾರ ಜೊತೆಗೂ ಹೊರಡಬಾರದು. ನಿಮ್ಮ ಆಯಿಯ ಭಯಕ್ಕೆ ಕಾರಣವಿದೆ.

ಈಗ ಅಪ್ಪನ ಮಾತು. "ಊರಲ್ಲೇ ಕೆಲಸ ಇದೆ" ಎಂಬುದನ್ನು ಅವರು ನಿಮ್ಮನ್ನು ತಡೆಯಲು ಹೇಳುತ್ತಿದ್ದಾರೆ. ನಾನು ಅದೇ ಮಾತನ್ನು ನಿಮ್ಮನ್ನು ಹೊರಗೆ ಕಳಿಸಲಿಕ್ಕಾಗಿ ಹೇಳುತ್ತೇನೆ.

ಹೊರದೇಶದ ದುಃಖ ನಮಗೇಕೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆ ಒಪ್ಪುವ ಹಾಗೂ ಇಲ್ಲ. ನಿಮ್ಮ ಗೆಳತಿಯ ಶಿರಸಿಯಿಂದ ಮುಂಡಗೋಡಕ್ಕೆ ಎಷ್ಟು ದೂರ? 1966ರಲ್ಲಿ ಅಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಆಯಿತು. ಹಿಮದ ನಾಡಿನಿಂದ ಬಂದವರಿಗೆ ಮಲೆನಾಡಿನ ಅಂಚಿನ ಕಾಡು ಕಡಿದು ಮೆಕ್ಕೆಜೋಳ ಬೆಳೆಯುವುದನ್ನು ಕಲಿಸಬೇಕಿತ್ತು, ಸೆಕೆಗೆ, ಹೊಸ ಕಾಯಿಲೆಗಳಿಗೆ ಹೊಂದಿಸಬೇಕಿತ್ತು. ಭಾರತ ಸರಕಾರ, ಅಂದಿನ ಮೈಸೂರು ರಾಜ್ಯ, ಹೊರದೇಶದ ನೆರವು ಸಂಸ್ಥೆಗಳು ಸೇರಿ ಮಾಡಿದ ಕೆಲಸ ಅದು. ಇಂದು ಗಾಂದೆನ್, ಡ್ರೆಪುಂಗ್‌ನಂಥ ದೊಡ್ಡ ಮಠಗಳು ಅಲ್ಲಿವೆ, ಮೂರನೆಯ ತಲೆಮಾರು ಕನ್ನಡ ಮಾತಾಡುತ್ತದೆ. ಒಂದು ದಿನ ಹೋಗಿ ಅಲ್ಲಿನ ಹಿರಿಯರನ್ನು ಕೇಳಿ: ಮೊದಲ ವರ್ಷಗಳಲ್ಲಿ ಯಾರ ಯಾವ ನೆರವು ನಿಜಕ್ಕೂ ಉಪಯೋಗಕ್ಕೆ ಬಂತು, ಯಾವುದು ಬರಲಿಲ್ಲ ಎಂದು. ನೆರವು ಪಡೆದವರ ಬಾಯಿಂದ ಇದನ್ನು ಕೇಳುವ ಅವಕಾಶ ಬೇರೆ ಜಿಲ್ಲೆಯವರಿಗೆ ಸುಲಭಕ್ಕೆ ಸಿಗುವುದಿಲ್ಲ.

ಹೊರದೇಶಕ್ಕೆ ಹೋದ ನಮ್ಮವರ ಪೈಕಿ ನಾನು ಯಾವಾಗಲೂ ನೆನೆಯುವುದು ಡಾ. ದ್ವಾರಕಾನಾಥ ಕೋಟ್ನಿಸ್ ಅವರನ್ನು. ಸೊಲ್ಲಾಪುರದ ಹುಡುಗ, ಮುಂಬೈಯಲ್ಲಿ ವೈದ್ಯಕೀಯ ಓದಿದವರು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಾಕ್ಕೆ ಹೋದ ಐವರು ವೈದ್ಯರ ತಂಡದಲ್ಲಿದ್ದರು. ಆಗ ಅವರಿಗೆ 27 ವರ್ಷ. ಚೀನಾದ ಸೇನಾನಿ ಝು ದೆ ವೈದ್ಯರನ್ನು ಕಳಿಸಿ ಎಂದು ನೆಹರೂ ಅವರಿಗೆ ಪತ್ರ ಬರೆದು ಕೇಳಿದ್ದರು, ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸರು ಜನರಿಂದ ಹಣ ಕೂಡಿಸಿದರು. ಕೋಟ್ನಿಸ್ ಚೀನೀ ಭಾಷೆ ಕಲಿತರು, ಗಡಿನಾಡಿನ ಯುದ್ಧಭೂಮಿಯಲ್ಲಿ ಶಸ್ತ್ರಚಿಕಿತ್ಸೆ ಮಾಡಿದರು, ಅಲ್ಲಿನ ಹುಡುಗರಿಗೆ ಅದನ್ನು ಕಲಿಸಿದರು. 1942ರ ಡಿಸೆಂಬರ್‌ನಲ್ಲಿ 32ನೇ ವಯಸ್ಸಿಗೆ ಅಲ್ಲೇ ತೀರಿಕೊಂಡರು. ಅವರ ತ್ಯಾಗವನ್ನು ಎಲ್ಲರೂ ಹೊಗಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಬೇರೆ: ಅವರನ್ನು ಕರೆದವರು ಇದ್ದರು, ಅಲ್ಲಿ ಕೊರತೆಯಿದ್ದ ವಿದ್ಯೆ ಅವರ ಕೈಯಲ್ಲಿತ್ತು, ಅಲ್ಲಿನ ಭಾಷೆಯನ್ನು ಅವರು ಕಲಿತರು, ತಿಂಗಳೊಪ್ಪತ್ತಿಗೆ ಮರಳಲಿಲ್ಲ. ನೀವು ಯಾವ ಸಂಸ್ಥೆಯ ಜೊತೆ ಹೋಗುವಾಗಲೂ ಈ ನಾಲ್ಕನ್ನು ನಿಮ್ಮನ್ನೇ ಕೇಳಿಕೊಳ್ಳಿ.

ನಿಮ್ಮ ವಿದ್ಯೆಯ ವಿಷಯಕ್ಕೆ ಬರೋಣ, ಏಕೆಂದರೆ ನೀವು ಸಿವಿಲ್ ಓದಿದ್ದೀರಿ ಎಂದು ಗೊತ್ತಾದ ಕೂಡಲೇ ನನಗೆ ನಿಮ್ಮ ಮೇಲೆ ಆಸೆ ಹುಟ್ಟಿತು. ನಾನು ನೀರು ಮತ್ತು ನೈರ್ಮಲ್ಯದ ಕೆಲಸ ಮಾಡಿಕೊಂಡು ಬಂದವಳು. ನಿರಾಶ್ರಿತರ ಶಿಬಿರದಲ್ಲಿ ಜನ ಸಾಯುವುದು ಬರೀ ಗುಂಡಿಗೆ ಎಂದು ಹೊರಗಿನವರು ತಿಳಿಯುತ್ತಾರೆ. ಭೇದಿ, ಕಾಲರಾ, ದಡಾರ ಇವು ಎಷ್ಟು ಮಕ್ಕಳನ್ನು ತಿನ್ನುತ್ತವೆ ಎಂಬುದು ಸುದ್ದಿಯಲ್ಲಿ ಬರುವುದೇ ಇಲ್ಲ. ಸುಡಾನಿನ ಇಂದಿನ ಯುದ್ಧದಲ್ಲೂ ಕಾಲರಾ ಬಂದಿದೆ. ಅಲ್ಲಿ ಜೀವ ಉಳಿಸುವವರಲ್ಲಿ ಪೈಪು, ಟ್ಯಾಂಕು, ಕ್ಲೋರಿನ್ ಗೊತ್ತಿರುವವರೂ ಸೇರಿದ್ದಾರೆ.

ಸ್ಫಿಯರ್ ಎಂಬ ಕೈಪಿಡಿ ಇದೆ. ನೆರವಿನ ಕೆಲಸದಲ್ಲಿ ಇರುವ ಬಹುತೇಕರು ಒಪ್ಪಿಕೊಂಡ ಕನಿಷ್ಠ ಅಳತೆಗಳು ಅದರಲ್ಲಿವೆ. ಈಗ ಬಳಕೆಯಲ್ಲಿರುವುದು 2018ರ ಆವೃತ್ತಿ, ಅಂತರಜಾಲದಲ್ಲಿ ಉಚಿತ. ಅದರ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. ಒಂದು ನಲ್ಲಿಗೆ 250 ಜನ. ಮನೆಯಿಂದ ನೀರಿನ ಜಾಗಕ್ಕೆ 500 ಮೀಟರ್ ಮೀರಬಾರದು. ತುರ್ತಿನ ಮೊದಲ ದಿನಗಳಲ್ಲಿ 50 ಜನಕ್ಕೆ ಒಂದು ಶೌಚಾಲಯ, ಆಮೇಲೆ ಬೇಗನೆ 20 ಜನಕ್ಕೆ ಒಂದು, ಗಂಡಸರಿಗೆ ಒಂದಾದರೆ ಹೆಂಗಸರಿಗೆ ಮೂರು. ಶೌಚದ ಗುಂಡಿ ಬಾವಿಯಿಂದ 30 ಮೀಟರ್ ದೂರ ಇರಬೇಕು, ಗುಂಡಿಯ ತಳ ಅಂತರ್ಜಲದ ಮಟ್ಟಕ್ಕಿಂತ ಒಂದೂವರೆ ಮೀಟರ್ ಮೇಲಿರಬೇಕು. ಈಗ 5,000 ಜನರ ಶಿಬಿರ ಎಂದುಕೊಳ್ಳಿ. ದಿನಕ್ಕೆ 75,000 ಲೀಟರ್ ನೀರು, 20 ನಲ್ಲಿ, 250 ಶೌಚಾಲಯ. ನೀರು ಎಲ್ಲಿಂದ ಬರುತ್ತದೆ? ಟ್ಯಾಂಕರ್ ಆದರೆ ಎಷ್ಟು ಸರತಿ? ರಾತ್ರಿ ಹೆಂಗಸರು ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ ಬೆಳಕಿದೆಯೇ? ಮಳೆ ಬಂದರೆ ಗುಂಡಿ ತುಂಬಿ ಹೊರಗೆ ಹರಿಯುತ್ತದೆಯೇ? ಇದನ್ನು ಕೂತು ಬಿಡಿಸಬಲ್ಲವರು ಬೇಕಾಗಿದ್ದಾರೆ.

ಮತ್ತು ಇದನ್ನು ಕಲಿಯಲು ಕುಮಟಾಕ್ಕಿಂತ ಒಳ್ಳೆಯ ಶಾಲೆ ನನಗೆ ಕಾಣುವುದಿಲ್ಲ. ಮಳೆಗಾಲದಲ್ಲಿ ನಿಮ್ಮ ಕಡೆ ಬಾವಿಯ ನೀರು ಕಟ್ಟೆಯ ಹತ್ತಿರ ಬಂದಿರುತ್ತದೆ. ಅಲ್ಲಿ ಒಂದೂವರೆ ಮೀಟರ್ ಅಂತರ ಹೇಗೆ ಸಿಗುತ್ತದೆ? ಗುಂಡಿ ತೋಡುವ ಬದಲು ಎತ್ತರಿಸಿ ಕಟ್ಟಬೇಕಾಗುತ್ತದೆ. ಉಬ್ಬರದ ನೀರು ಬರುವ ಗಜನಿ ಗದ್ದೆಯ ಬದಿಯ ಬಾವಿಗಳಿಗೆ ಉಪ್ಪುನೀರು ಹೊಗುವುದನ್ನು ಚಿಕ್ಕಂದಿನಿಂದ ನೋಡಿದ್ದೀರಿ. ಚಿರೆಕಲ್ಲಿನ ಧರೆ ಹೇಗೆ ಕುಸಿಯುತ್ತದೆ ಎಂದು ಗೊತ್ತು. ಬಾಂಗ್ಲಾದೇಶದ ಕಾಕ್ಸ್ ಬಜಾರ್‌ನಲ್ಲಿ 2017ರ ಆಗಸ್ಟ್ ನಂತರ ಬಂದ ಲಕ್ಷಾಂತರ ರೊಹಿಂಗ್ಯಾ ನಿರಾಶ್ರಿತರು ಮರ ಕಡಿದ ಗುಡ್ಡದ ಇಳಿಜಾರಿನಲ್ಲೇ ಬಿದಿರು, ತಾಡಪಾಲಿನ ಮನೆ ಕಟ್ಟಿಕೊಂಡಿದ್ದಾರೆ. ನಮ್ಮ ಕರಾವಳಿಯಷ್ಟೇ ಜೋರಾದ ಮುಂಗಾರು ಅಲ್ಲಿಯದು. ವರ್ಷವರ್ಷ ಧರೆ ಕುಸಿದು ಜನ ಸಾಯುತ್ತಾರೆ. ದಿಲ್ಲಿಯಲ್ಲಿ ಕೂತು ಓದಿದವರಿಗಿಂತ ಈ ಸಮಸ್ಯೆ ನಿಮಗೆ ಬೇಗ ಅರ್ಥವಾಗುತ್ತದೆ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ಮಣ್ಣು ಗಂಗಾವಳಿಗೆ ನುಗ್ಗಿ, ಆ ಹೊಡೆತಕ್ಕೆ ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳನ್ನು ಕೆಡವಿತು. ಕೇರಳದ ಲಾರಿಯೊಂದು ನದಿಯ ತಳದಿಂದ ಸಿಕ್ಕಿದ್ದು ಎರಡು ತಿಂಗಳ ಮೇಲೆ. ನೌಕಾಪಡೆಯವರಿದ್ದರು, ಮುಳುಗುಗಾರರಿದ್ದರು, ಆದರೂ ನದಿಯ ಸೆಳೆತ ಇಳಿಯುವವರೆಗೆ ಕೈಕಟ್ಟಿ ಕಾಯಬೇಕಾಯಿತು. ಆ ದಿನಗಳಲ್ಲಿ ಅಲ್ಲಿ ಬೇಕಾಗಿದ್ದ ಕೆಲಸಗಳನ್ನು ನೆನಪಿಸಿಕೊಳ್ಳಿ: ಕಾಣೆಯಾದವರ ಸರಿಯಾದ ಪಟ್ಟಿ, ಅವರ ಮನೆಯವರಿಗೆ ಗಂಟೆಗಂಟೆಗೆ ನಿಜವಾದ ಸುದ್ದಿ ಹೇಳುವ ಒಬ್ಬ ಮನುಷ್ಯ, ಗುಂಪನ್ನು ದೂರ ಇಡುವುದು, ಇನ್ನೊಂದು ಕುಸಿತದ ಸೂಚನೆ ಕಾಯುವುದು, ವಸತಿ ಕಳೆದುಕೊಂಡವರಿಗೆ ಕಾಳಜಿ ಕೇಂದ್ರ ನಡೆಸುವುದು. ಮೂರೇ ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿ ನೀರಿಗೆ ಬಿದ್ದಾಗ ಚಾಲಕನನ್ನು ಎತ್ತಿದವರಲ್ಲಿ ಸ್ಥಳೀಯ ಮೀನುಗಾರರಿದ್ದರು. ಎಲ್ಲ ದೇಶದಲ್ಲೂ ಮೊದಲು ಕೈ ಚಾಚುವವರು ಪಕ್ಕದ ಮನೆಯವರೇ. ಹೊರಗಿನಿಂದ ಹೋಗುವ ನಾವು ಅವರ ಬೆನ್ನಿಗೆ ನಿಲ್ಲುವವರು.

ಸುಡಾನನ್ನೇ ನೋಡಿ. 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾಗಿ ಹೊರಗಿನ ಸಂಸ್ಥೆಗಳು ಖಾರ್ಟೂಮ್‌ನಿಂದ ಹಿಂದೆ ಸರಿದಾಗ, ಅಲ್ಲಿನ ಹುಡುಗ ಹುಡುಗಿಯರು ಬಡಾವಣೆ ಬಡಾವಣೆಯಲ್ಲಿ ತುರ್ತು ನೆರವಿನ ಗುಂಪು ಕಟ್ಟಿಕೊಂಡು ಸಾಮೂಹಿಕ ಅಡುಗೆಮನೆ ನಡೆಸಿದರು, ಗಾಯಾಳುಗಳನ್ನು ಸಾಗಿಸಿದರು. ನಿಮ್ಮ ವಯಸ್ಸಿನವರು. 2025ರ ರೈಟ್ ಲೈವ್ಲಿಹುಡ್ ಪ್ರಶಸ್ತಿ ಅವರಿಗೆ ಬಂತು. ಇಂಥವರಿಗೆ ಬೇಕಾದದ್ದು ಹಣ, ಔಷಧ, ಗಟ್ಟಿ ದನಿಯ ಬೆಂಬಲ. ಕೆಲಸ ಗೊತ್ತಿಲ್ಲದ ಇನ್ನೊಬ್ಬರು ಬಂದರೆ ಅವರ ಊಟ, ನಿದ್ದೆ, ಭದ್ರತೆಯ ಹೊಣೆಯೂ ಇವರ ಹೆಗಲಿಗೇ.

ಗಾಜಾಕ್ಕೆ ಸ್ವಂತವಾಗಿ ಹೋಗುವ ಯೋಚನೆ ಬಿಟ್ಟುಬಿಡಿ. ಅಲ್ಲಿಗೆ ಹೊರಗಿನವರು ಹೋಗುವುದು ಅನುಮತಿ ಪಡೆದ ಸಂಸ್ಥೆಗಳ ಮೂಲಕ, ವಿಶ್ವ ಆರೋಗ್ಯ ಸಂಸ್ಥೆಯ ಸಮನ್ವಯದಲ್ಲಿರುವ ತುರ್ತು ವೈದ್ಯಕೀಯ ತಂಡಗಳಂಥವುಗಳಲ್ಲಿ ಮಾತ್ರ. ವಿಶ್ವಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಜಗತ್ತಿನಾದ್ಯಂತ 383 ನೆರವು ಕಾರ್ಯಕರ್ತರು ಕೊಲ್ಲಲ್ಪಟ್ಟರು, ಹತ್ತಿರ ಹತ್ತಿರ ಅರ್ಧದಷ್ಟು ಗಾಜಾದಲ್ಲೇ. ಸತ್ತವರಲ್ಲಿ ಬಹುಪಾಲು ಆಯಾ ದೇಶದವರೇ ಎಂಬುದನ್ನು ಮರೆಯಬೇಡಿ. ಹೆದರಿಸಲು ಹೇಳುತ್ತಿಲ್ಲ. ಈ ದಾರಿ ಹಿಡಿಯುವವರು ಮನೆಯಲ್ಲಿ ಕೂತು ಅಪ್ಪ ಆಯಿಯ ಜೊತೆ ಈ ಸಂಖ್ಯೆಯನ್ನು ಮಾತಾಡಿಕೊಂಡೇ ಹೋಗಬೇಕು.

ಹಾಗಾದರೆ ದಾರಿ ಯಾವುದು?

ಬರುವ ಮಳೆಗಾಲವನ್ನು ಕಲಿಕೆಗೆ ಕೊಡಿ. ಕೇಂದ್ರದ 'ಆಪದ ಮಿತ್ರ' ಯೋಜನೆಯಡಿ ಸ್ವಯಂಸೇವಕರಿಗೆ ವಿಪತ್ತು ತರಬೇತಿ ಕೊಡುತ್ತಾರೆ. ಮುಂದಿನ ತಂಡ ಯಾವಾಗ ಎಂದು ಕಾರವಾರದ ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ನಿರ್ವಹಣಾ ವಿಭಾಗದಲ್ಲಿ ವಿಚಾರಿಸಿ. ರೆಡ್ ಕ್ರಾಸ್ ಜಿಲ್ಲಾ ಶಾಖೆಯ ಸದಸ್ಯರಾಗಿ, ಪ್ರಥಮ ಚಿಕಿತ್ಸೆ ಕಲಿಯಿರಿ. ನೆರೆ ಬಂದಾಗ ಕಾಳಜಿ ಕೇಂದ್ರದಲ್ಲಿ ತಹಶೀಲ್ದಾರರ, ಪಂಚಾಯತಿ ಪಿಡಿಒ ಅವರ ಕೈಕೆಳಗೆ ಕೆಲಸ ಮಾಡಿ. 'ಕೈಕೆಳಗೆ' ಎಂದು ಬೇಕೆಂದೇ ಬರೆದೆ. ತಾನೇ ಮುಂದಾಗಿ ಓಡಾಡುವವರಿಗಿಂತ, ಹೇಳಿದ ಕಡೆ ನಿಂತು ಹೇಳಿದ ಪಟ್ಟಿ ತುಂಬುವವರು ಶಿಬಿರದಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ನೆರೆ ಇಳಿದ ಮೇಲೆ ಬಾವಿ ಶುದ್ಧಿಯ ಕೆಲಸ ಹಿಡಿಯಿರಿ. ಆಶಾ ಕಾರ್ಯಕರ್ತೆಯರು, ಆರೋಗ್ಯ ಸಹಾಯಕರು ಇದನ್ನು ಮಾಡುತ್ತಲೇ ಇರುತ್ತಾರೆ, ಅವರ ಜೊತೆ ಸೇರಿಕೊಳ್ಳಿ. ಬಾವಿಯ ಅಡ್ಡಳತೆ ಎರಡು ಮೀಟರ್, ನೀರಿನ ಆಳ ಮೂರು ಮೀಟರ್ ಇದ್ದರೆ ಒಳಗಿರುವುದು ಸುಮಾರು 9,400 ಲೀಟರ್. ಸಾಮಾನ್ಯ ದಿನಗಳಲ್ಲಿ 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿಯ ಲೆಕ್ಕದಲ್ಲಿ 24 ಗ್ರಾಂ ಆಚೀಚೆ ಸಾಕು. ಕೆಸರು ನೀರು ಹೊಕ್ಕ ಬಾವಿಗೆ ಅದು ಸಾಲದು. ಎಷ್ಟು ಬೇಕೆಂದು ಹಾರಾಕ್ಸ್ ಪೆಟ್ಟಿಗೆಯ ಪರೀಕ್ಷೆಯಿಂದ ತಿಳಿಯಬೇಕು, ಹಾಕಿದ ಮೇಲೆ ಉಳಿದ ಕ್ಲೋರಿನ್ ಅಳೆಯಬೇಕು. ಎಷ್ಟು ಬಾವಿ ಅಳೆದಿರಿ, ಏನು ಹಾಕಿದಿರಿ, ಏನು ಉಳಿಯಿತು ಎಂದು ದಾಖಲೆ ಇಡಿ. ನಾಳೆ ಸಂದರ್ಶನದಲ್ಲಿ ಆ ನೋಟ್‌ಪುಸ್ತಕ ನಿಮ್ಮ ಪರವಾಗಿ ಮಾತಾಡುತ್ತದೆ. ಯಾವ ಸಂಸ್ಥೆಯ ಪ್ರಮಾಣಪತ್ರವೂ ಅಷ್ಟು ಮಾತಾಡುವುದಿಲ್ಲ.

ಮನೆಯಿಂದಲೇ ಹೊರದೇಶಕ್ಕೆ ನಿಜವಾಗಿ ನೆರವಾಗುವ ಕೆಲಸವೂ ಇದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾನವೀಯ ನೆರವಿನ ತಂಡದವರು ನಕ್ಷೆಯಿಲ್ಲದ ಊರುಗಳ ಮನೆ, ರಸ್ತೆ, ಹೊಳೆಗಳನ್ನು ಉಪಗ್ರಹ ಚಿತ್ರ ನೋಡಿ ಗುರುತಿಸುವ ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ ಹಂಚುತ್ತಾರೆ. 2010ರ ಹೈಟಿ, 2015ರ ನೇಪಾಳದಲ್ಲಿ ನೆರವಿನವರು ಈ ನಕ್ಷೆ ಹಿಡಿದೇ ಹಳ್ಳಿ ಹುಡುಕಿದರು. ಸಿವಿಲ್ ಓದಿದವರಿಗೆ ಇದು ಸಲೀಸು. ಸಂಜೆ ಒಂದು ಗಂಟೆ ಸಾಕು. ಮಾಡುತ್ತಾ ಮಾಡುತ್ತಾ ನಿಮ್ಮ ತಾಲೂಕಿನಲ್ಲಿ ನೆರೆ ನುಗ್ಗುವ ಜಾಗಗಳನ್ನೂ ಅದೇ ನಕ್ಷೆಗೆ ಏರಿಸಿ.

ಆಮೇಲೆ ಒಂದೆರಡು ವರ್ಷ ಇಲ್ಲೇ ಕೆಲಸ. ಗ್ರಾಮೀಣ ಕುಡಿಯುವ ನೀರಿನ ಯೋಜನೆಯ ಗುತ್ತಿಗೆದಾರರ ಬಳಿ ಸೈಟ್ ಇಂಜಿನಿಯರ್ ಆದರೂ ಪರವಾಗಿಲ್ಲ. ಪುಣೆಯ ರೆಡ್‌ಆರ್ ಇಂಡಿಯಾ ಇಂಜಿನಿಯರುಗಳಿಗೆ ವಿಪತ್ತಿನ ನೀರು, ಆಶ್ರಯ, ಭದ್ರತೆಯ ತರಬೇತಿ ಕೊಡುವ ಸಂಸ್ಥೆ. ಮುಂದೆ ಓದುವುದಾದರೆ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿ ವಿಪತ್ತು ನಿರ್ವಹಣೆಯ ಸ್ನಾತಕೋತ್ತರ ಪದವಿ ಇದೆ. ಜೊತೆಗೆ ಒಂದು ಭಾಷೆ: ಫ್ರೆಂಚ್ ಅಥವಾ ಅರೇಬಿಕ್. ಭಟ್ಕಳ, ಹೊನ್ನಾವರ ಕಡೆ ಗಲ್ಫ್‌ನಲ್ಲಿ ದುಡಿದು ಬಂದು ಅರೇಬಿಕ್ ಮಾತಾಡುವವರು ಬೇಕಾದಷ್ಟು ಜನ ಇದ್ದಾರೆ, ಗುರುಗಳನ್ನು ದೂರ ಹುಡುಕಬೇಕಿಲ್ಲ.

ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮ ಜರ್ಮನಿಯ ಬಾನ್ ನಗರದಿಂದ ನಡೆಯುತ್ತದೆ. 18ರಿಂದ 26 ವಯಸ್ಸಿನವರಿಗೆ ಯುವ ಸ್ವಯಂಸೇವಕ ಎಂಬ ಬೇರೆ ವಿಭಾಗವೇ ಇದೆ. ಅದಕ್ಕೆ ಹೆಚ್ಚಿನ ಅನುಭವ ಕೇಳುವುದಿಲ್ಲ. ಇವತ್ತೇ ಹೆಸರು ನೋಂದಾಯಿಸಿ, ಭಾರತದೊಳಗಿನ ಹುದ್ದೆಗಳಿಗೂ ಅರ್ಜಿ ಹಾಕಿ. ಮನೆಯಿಂದ ಮಾಡುವ ಆನ್‌ಲೈನ್ ಸೇವೆಯೂ ಅದರಲ್ಲಿದೆ. ಹುದ್ದೆಗಳಿಗೆ ಆಯ್ಕೆಯಾದವರಿಗೆ ಜೀವನ ವೆಚ್ಚದ ಭತ್ಯೆ, ವಿಮೆ ಕೊಡುತ್ತಾರೆ. ಗಮನಿಸಿ: ಅವರು ನಿಮ್ಮಿಂದ ಒಂದು ಪೈಸೆ ಕೇಳುವುದಿಲ್ಲ. ವಿಶ್ವಸಂಸ್ಥೆಯ ಹೆಸರಿನಲ್ಲಿ ಅರ್ಜಿಗೆ, ತರಬೇತಿಗೆ, ವೀಸಾಕ್ಕೆ ಹಣ ಕೇಳಿದವರು ಮೋಸಗಾರರು. ಸೇವೆ ಎಂದ ಮೇಲೆ ಸಂಬಳ ಯಾಕೆ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಕೇಳಬಹುದು. ಸಂಬಳ ಇದ್ದಾಗ ಹೊಣೆ ಇರುತ್ತದೆ, ತಪ್ಪಿದರೆ ಕೇಳುವವರಿರುತ್ತಾರೆ, ಮತ್ತು ಉಳ್ಳವರ ಮಕ್ಕಳು ಮಾತ್ರ ಬರುವ ಕ್ಷೇತ್ರ ಆಗುವುದಿಲ್ಲ.

ಒಂದು ಕಹಿ ಸತ್ಯವನ್ನೂ ಹೇಳಿಬಿಡುತ್ತೇನೆ. 2025ರಲ್ಲಿ ಅಮೆರಿಕ ತನ್ನ ನೆರವು ಸಂಸ್ಥೆ ಯುಎಸ್‌ಏಡ್ ಅನ್ನು ಮುಚ್ಚಿತು, ಬೇರೆ ದೇಶಗಳೂ ಕೈ ಬಿಗಿ ಮಾಡಿದವು. ಈ ಕ್ಷೇತ್ರದಲ್ಲಿ ಅನುಭವಿಗಳೇ ಕೆಲಸ ಕಳೆದುಕೊಂಡಿದ್ದಾರೆ. ಹೊಸಬರಿಗೆ ಬಾಗಿಲು ಮೊದಲಿಗಿಂತ ಇಕ್ಕಟ್ಟಾಗಿದೆ. ಆದ್ದರಿಂದಲೇ ಇಲ್ಲಿಯೂ ಹೊಟ್ಟೆ ತುಂಬಿಸುವ ವಿದ್ಯೆಯ ಮೇಲೆ ಈ ಕನಸನ್ನು ಕಟ್ಟಿ ಎನ್ನುತ್ತಿದ್ದೇನೆ. ಅಪ್ಪನಿಗೂ ಈ ಮಾತು ತಲುಪಿಸಿ. ಅವರು ಕೇಳಿದ್ದ ಊರ ಕೆಲಸವೂ ಆಗುತ್ತದೆ, ನಿಮ್ಮ ದಾರಿಯೂ ತೆರೆಯುತ್ತದೆ.

ಸಂಗ್ರಹಿಸಿದ ಹಣದ ವಿಷಯ. ಅದು ನಿಮ್ಮ ಖಾತೆಯಲ್ಲಿ ಇರುವುದು ಒಳ್ಳೆಯದಲ್ಲ. ಸ್ವಂತ ಹಣವನ್ನು ಹೊರದೇಶಕ್ಕೆ ದಾನವಾಗಿ ಕಳಿಸಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ, ಬ್ಯಾಂಕಿನ ಮೂಲಕ, ಪಾನ್ ಸಂಖ್ಯೆ ಕೊಟ್ಟು. ಹತ್ತಾರು ಜನರ ಹಣವನ್ನು ಒಬ್ಬರ ಖಾತೆಗೆ ಹಾಕಿಕೊಂಡು ಕಳಿಸಿದರೆ ಅದು ಯಾರ ಹಣ, ಎಲ್ಲಿಗೆ ಹೋಯಿತು ಎಂಬ ಪ್ರಶ್ನೆಗೆ ನೀವೊಬ್ಬರೇ ಉತ್ತರ ಕೊಡಬೇಕಾಗುತ್ತದೆ. ಇಲ್ಲಿನ ಟ್ರಸ್ಟ್‌ಗಳಿಗೆ ಕೊಟ್ಟರೂ ಹೊರಗೆ ಹೋಗುವುದು ಅನುಮಾನ, ತೆರಿಗೆ ವಿನಾಯಿತಿ ಉಳಿಯಬೇಕಾದರೆ ಅವರು ಹಣವನ್ನು ಬಹುಮಟ್ಟಿಗೆ ಭಾರತದೊಳಗೇ ಖರ್ಚು ಮಾಡಬೇಕು. ನನ್ನ ಸಲಹೆ ಇದು: ಕೊಟ್ಟವರಿಗೆಲ್ಲ ಹಣ ಹಿಂದಿರುಗಿಸಿ, ಮನಸ್ಸಿದ್ದವರು ತಮ್ಮ ತಮ್ಮ ಕಾರ್ಡಿನಿಂದ ವಿಶ್ವಸಂಸ್ಥೆಯ ಅಂಗಸಂಸ್ಥೆಯ ಅಧಿಕೃತ ಜಾಲತಾಣದಲ್ಲಿ ನೇರವಾಗಿ ಕೊಡಲಿ. ಪ್ಯಾಲೆಸ್ಟೀನ್ ನಿರಾಶ್ರಿತರಿಗಾಗಿ ಇರುವ ವಿಶ್ವಸಂಸ್ಥೆಯ ಅಂಗಸಂಸ್ಥೆಗೆ (UNRWA) ಭಾರತ ಸರಕಾರವೇ ವರ್ಷಕ್ಕೆ 50 ಲಕ್ಷ ಡಾಲರ್ ಕೊಡುತ್ತ ಬಂದಿದೆ. ಪರಿಚಯದವರ ಮೂಲಕ, ಕ್ರಿಪ್ಟೊ ಮೂಲಕ, ಇನ್‌ಸ್ಟಾಗ್ರಾಮ್‌ನಲ್ಲಿ ಕಂಡ ಖಾತೆಗೆ ಖಂಡಿತ ಬೇಡ. ಹಣ ಯಾರ ಕೈಗೆ ಸೇರಿತೆಂದು ಗೊತ್ತಾಗದಿದ್ದರೆ ಕಾನೂನಿನ ತೊಡಕು ಬಹಳ ದೊಡ್ಡದು.

ನಿಮ್ಮ ಗೆಳತಿಯ ದಾರಿ ನಿಮ್ಮದಕ್ಕಿಂತ ನೇರ. ದಾದಿಯರಿಗೆ ಎಲ್ಲ ಕಡೆ ಬೇಡಿಕೆ ಇದೆ. ಪದವಿ ಮುಗಿದ ಕೂಡಲೇ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಲಿ, ದೊಡ್ಡ ಆಸ್ಪತ್ರೆಯ ತುರ್ತು ವಿಭಾಗದಲ್ಲೋ ಹೆರಿಗೆ ವಾರ್ಡಿನಲ್ಲೋ ಕನಿಷ್ಠ ಎರಡು ವರ್ಷ ದುಡಿಯಲಿ. ಗಡಿರಹಿತ ವೈದ್ಯರ ಸಂಸ್ಥೆ (MSF) ಹೆಚ್ಚಿನ ಹುದ್ದೆಗಳಿಗೆ ಕೇಳುವ ಅನುಭವ ಅಷ್ಟು. 1971ರಲ್ಲಿ ಹುಟ್ಟಿದ, 1999ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಆ ಸಂಸ್ಥೆ ವೈದ್ಯರು, ದಾದಿಯರ ಜೊತೆಗೆ ನೀರಿನ ಇಂಜಿನಿಯರುಗಳನ್ನೂ, ಲೆಕ್ಕ ಬರೆಯುವವರನ್ನೂ, ಸಾಮಾನು ಸಾಗಿಸುವವರನ್ನೂ ಸಂಬಳ ಕೊಟ್ಟು ಕಳಿಸುತ್ತದೆ, ಹಾಗಾಗಿ ಮುಂದೆ ನೀವಿಬ್ಬರೂ ಅಲ್ಲಿ ಅರ್ಜಿ ಹಾಕಬಹುದು. ಕೊನೆಯ ವರ್ಷದಲ್ಲಿ ವಾರ್ಡು ಆರಿಸಿಕೊಳ್ಳಲು ಬಿಟ್ಟರೆ ಅವಳು ಹೆರಿಗೆ ವಿಭಾಗವನ್ನೇ ಕೇಳಿಕೊಳ್ಳಲಿ. ಯುದ್ಧವಿರಲಿ, ನೆರೆಯಿರಲಿ, ಹೆರಿಗೆ ಮುಂದೂಡಲು ಬರುವುದಿಲ್ಲ, ಶಿಬಿರಗಳಲ್ಲಿ ಅದನ್ನು ಬಲ್ಲ ಕೈಗಳು ಯಾವಾಗಲೂ ಕಡಿಮೆ.